ಬಿದಿರಿನ ಕಾಫಿ ಲೋಟ ಯುರೋಪಿನ ಮಾರುಕಟ್ಟೆಯಿಂದ ಹೊರಬಿದ್ದ ಬಗೆ: ಒಂದು ಪ್ರಕರಣ ಅಧ್ಯಯನ

2010ರ ದಶಕದ ಕೊನೆಯ ವರ್ಷಗಳಲ್ಲಿ ಯುರೋಪಿನ ಅಂಗಡಿಗಳಲ್ಲಿ ಒಂದು ಬಗೆಯ ಕಾಫಿ ಲೋಟ ಜೋರಾಗಿ ಓಡುತ್ತಿತ್ತು. ಕೈಯಲ್ಲಿ ಹಿಡಿದರೆ ಹಗುರ. ಮೈ ಹೊಳಪಿಲ್ಲದೆ ಸ್ವಲ್ಪ ಒರಟು. ಮೇಲೊಂದು ಸಿಲಿಕೋನ್ ಮುಚ್ಚಳ, ನಡುವೆ ಬೆರಳು ಸುಡದಿರಲು ಸಿಲಿಕೋನ್ ಪಟ್ಟಿ. ಹಸಿರು ಎಲೆಯ ಚಿತ್ರ, ಅದರ ಪಕ್ಕದಲ್ಲಿ 'ಬಿದಿರಿನಿಂದ ಮಾಡಿದ್ದು', 'ನೈಸರ್ಗಿಕ', 'ಮಣ್ಣಲ್ಲಿ ಕೊಳೆಯುತ್ತದೆ' ಎಂಬ ಮಾತುಗಳು. ಕೊಂಡವರು ಒಳ್ಳೆಯ ಮನಸ್ಸಿನಿಂದಲೇ ಕೊಂಡರು. ಒಂದು ಸಲ ಕುಡಿದು ಬಿಸಾಡುವ ಕಪ್ ಬೇಡ, ಪ್ಲಾಸ್ಟಿಕ್ಕೂ ಬೇಡ, ದಿನವೂ ತೊಳೆದು ಬಳಸುವ ಗಿಡದ ಲೋಟ ಇರಲಿ ಎಂದು. ಇದಕ್ಕಿಂತ ಸರಿಯಾದ ಯೋಚನೆ ಬೇರೆ ಬೇಕಾ?

2021ರ ಹೊತ್ತಿಗೆ ಅದೇ ಲೋಟವನ್ನು ಮಾರುಕಟ್ಟೆಯಿಂದ ತೆಗೆಯಲು ಐರೋಪ್ಯ ಒಕ್ಕೂಟ ಕಾರ್ಯಾಚರಣೆಯನ್ನೇ ಶುರು ಮಾಡಬೇಕಾಯಿತು. ಈ ಪ್ರಕರಣವನ್ನು ವಿವರವಾಗಿ ನೋಡುವುದಕ್ಕೆ ಕಾರಣವಿದೆ. ಜೈವಿಕ ಪ್ಲಾಸ್ಟಿಕ್‌ನಿಂದ, ಅಂದರೆ ಗಿಡದಂಥ ಜೀವಮೂಲದಿಂದ ಮಾಡಿದ ಪ್ಲಾಸ್ಟಿಕ್‌ನಿಂದ, ಮತ್ತೆ ಮತ್ತೆ ಬಳಸುವ ಲೋಟ ಮಾಡುವುದು ನಿಜಕ್ಕೂ ಒಳ್ಳೆಯ ದಾರಿ, ಅದು ಗೆಲ್ಲಬೇಕು ಎಂದೇ ನನ್ನ ಆಸೆ. ಆದರೆ ಈ ಲೋಟಗಳ ಬಗ್ಗೆ ನಾವು ಕೇಳುವ ಮೊದಲ ಪ್ರಶ್ನೆಯೇ ತಪ್ಪು. 'ಇದು ಯಾವ ಗಿಡದ್ದು?' ಎಂದು ಕೇಳುತ್ತೇವೆ. ಕೇಳಬೇಕಾದ್ದು 'ಇದನ್ನು ಹಿಡಿದಿಟ್ಟಿರುವುದು ಏನು, ನೂರಾರು ಸಲ ಬಿಸಿನೀರು ಬಿದ್ದ ಮೇಲೆ ಅದರ ಗತಿ ಏನು?' ಎಂದು.

ಲೋಟದ ಒಳಗೆ ಏನಿತ್ತು

ಬಿದಿರಿನ ಪುಡಿಯನ್ನು ಒತ್ತಿದ ಮಾತ್ರಕ್ಕೆ ಲೋಟ ಆಗುವುದಿಲ್ಲ. ನೀರು ಹಾಕಿದರೆ ಉದುರಿ ಹೋಗುತ್ತದೆ. ಅದನ್ನು ಕಚ್ಚಿ ಹಿಡಿಯಲು ಒಂದು ಅಂಟು ಬೇಕು. ಈ ಲೋಟಗಳಲ್ಲಿ ಆ ಅಂಟು ಮೆಲಮೈನ್-ಫಾರ್ಮಾಲ್ಡಿಹೈಡ್ ರಾಳ, ಅಂದರೆ ಈ ಎರಡು ರಾಸಾಯನಿಕ ಸೇರಿಸಿ ಮಾಡುವ ಗಟ್ಟಿ ಪ್ಲಾಸ್ಟಿಕ್. ದಶಕಗಳಿಂದ ಬಳಕೆಯಲ್ಲಿರುವ, ಕೆಳಗೆ ಬಿದ್ದರೂ ಸುಲಭಕ್ಕೆ ಒಡೆಯದ ಮೆಲಮೈನ್ ತಟ್ಟೆಗಳಲ್ಲಿ ಇರುವುದೂ ಇದೇ. ಕಾಂಕ್ರೀಟಿನಲ್ಲಿ ಜಲ್ಲಿ, ಮರಳು ಎಷ್ಟೇ ಇದ್ದರೂ ಗೋಡೆ ನಿಲ್ಲುವುದು ಸಿಮೆಂಟಿನಿಂದ ಅಲ್ವಾ? ಇಲ್ಲಿ ಬಿದಿರು ಬರೀ ಜಲ್ಲಿ.

ಈ ರಾಳ ಎಲ್ಲಿಂದ ಬರುತ್ತದೆ? ಮೆಲಮೈನ್ ಮಾಡುವುದು ಯೂರಿಯಾದಿಂದ. ಯೂರಿಯಾಕ್ಕೆ ಬೇಕಾದ ಅಮೋನಿಯ ಹೆಚ್ಚಾಗಿ ಬರುವುದು ನೈಸರ್ಗಿಕ ಅನಿಲದಿಂದ. ಫಾರ್ಮಾಲ್ಡಿಹೈಡ್ ಮಾಡುವುದು ಮೆಥನಾಲ್‌ನಿಂದ, ಅದರ ಮೂಲವೂ ಬಹುಪಾಲು ಅನಿಲ ಅಥವಾ ಕಲ್ಲಿದ್ದಲು. ಅಂದರೆ ಲೋಟವನ್ನು ಲೋಟವಾಗಿ ನಿಲ್ಲಿಸಿದ ಭಾಗ ನೆಲದಡಿಯಿಂದ ಬಂದದ್ದು. ಗಿಡದ ಭಾಗ ಬರೀ ತುಂಬುವ ಸಾಮಾನು.

ಇದನ್ನು ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ, ಅಳೆಯುವ ದಾರಿಯೂ ಇದೆ. ಇತ್ತೀಚೆಗೆ ಬೆಳೆದ ಗಿಡದ ಇಂಗಾಲದಲ್ಲಿ ಕಾರ್ಬನ್-14 ಎಂಬ, ನಿಧಾನಕ್ಕೆ ಕ್ಷಯಿಸುವ ವಿಕಿರಣಶೀಲ ಬಗೆ ಒಂದಿಷ್ಟು ಇದ್ದೇ ಇರುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, ಸುಮಾರು 5,730 ವರ್ಷ. ಕೋಟ್ಯಂತರ ವರ್ಷ ನೆಲದಡಿ ಇದ್ದ ತೈಲ, ಅನಿಲದಲ್ಲಿ ಅದು ಪೂರ್ತಿ ಮುಗಿದುಹೋಗಿರುತ್ತದೆ. ಒಂದು ವಸ್ತುವಿನಲ್ಲಿ ಕಾರ್ಬನ್-14 ಎಷ್ಟಿದೆ ಎಂದು ನೋಡಿದರೆ ಅದರ ಇಂಗಾಲದಲ್ಲಿ ಗಿಡದ ಪಾಲೆಷ್ಟು ಎಂದು ಗೊತ್ತಾಗುತ್ತದೆ. ಹಳೆಯ ಮೂಳೆ, ಮರದ ತುಂಡುಗಳ ವಯಸ್ಸು ಹೇಳುವ ವಿಧಾನವೇ ಇಲ್ಲಿ ಪ್ಲಾಸ್ಟಿಕ್‌ನ ಹುಟ್ಟನ್ನೂ ಹೇಳುತ್ತದೆ. 'ಗಿಡದಿಂದ ಮಾಡಿದ್ದು' ಎನ್ನುವ ತಯಾರಕರು ಈ ಒಂದು ಅಂಕಿಯನ್ನು ಲೋಟದ ಮೇಲೆ ಅಚ್ಚು ಹಾಕಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಮೆಲಮೈನ್ ರಾಳಕ್ಕೆ ಇನ್ನೊಂದು ಗುಣವಿದೆ. ಒಮ್ಮೆ ಬಿಸಿಯಲ್ಲಿ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಕರಗಿಸಿ ಹೊಸ ವಸ್ತು ಮಾಡಲು ಬರುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳಿಗೂ ಅದು ಸುಲಭದ ಊಟವಲ್ಲ. ಹೀಗಾಗಿ 'ಮಣ್ಣಲ್ಲಿ ಕೊಳೆಯುತ್ತದೆ' ಎಂಬ ಮಾತು ಈ ಲೋಟದ ಮಟ್ಟಿಗೆ ಸುಳ್ಳು.

ಬಿಸಿ, ಹುಳಿ, ಮತ್ತು ಮೂರನೆಯ ಸಲ

ಗಿಡದ ಪಾಲು ಕಡಿಮೆ, ಪ್ಲಾಸ್ಟಿಕ್ ಪಾಲು ಜಾಸ್ತಿ ಎಂಬುದಷ್ಟೇ ಆಗಿದ್ದರೆ ಇದು ಸುಳ್ಳು ಜಾಹೀರಾತಿನ ಪ್ರಕರಣವಾಗಿ ಮುಗಿಯುತ್ತಿತ್ತು. ವಿಷಯ ಅಲ್ಲಿಗೆ ನಿಲ್ಲಲಿಲ್ಲ.

ಮೆಲಮೈನ್ ಮತ್ತು ಫಾರ್ಮಾಲ್ಡಿಹೈಡ್ ಸೇರಿ ರಾಳವಾಗುವಾಗ ನೀರು ಹೊರಬರುತ್ತದೆ. ಆ ಜೋಡಣೆಗೆ ಮತ್ತೆ ನೀರು ಸಿಕ್ಕಿ, ಜೊತೆಗೆ ಬಿಸಿ ಮತ್ತು ಹುಳಿ ಸೇರಿದರೆ ಕಟ್ಟಿದ್ದು ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡ ಮೆಲಮೈನ್, ಫಾರ್ಮಾಲ್ಡಿಹೈಡ್ ಲೋಟದಲ್ಲಿರುವ ಪಾನೀಯಕ್ಕೆ ಇಳಿಯುತ್ತವೆ. ಇದು ಹೊಸ ಸುದ್ದಿಯೇನಲ್ಲ. ಜರ್ಮನಿಯ ಸರ್ಕಾರಿ ಅಪಾಯ ಅಂದಾಜು ಸಂಸ್ಥೆ ಬಿಎಫ್‌ಆರ್ 2011ರಲ್ಲೇ ಹೇಳಿತ್ತು: ಮೆಲಮೈನ್ ಪಾತ್ರೆಗಳನ್ನು 70 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಆಹಾರಕ್ಕೆ ಬಳಸಬೇಡಿ, ಮೈಕ್ರೋವೇವ್‌ನಲ್ಲಿ ಇಡಬೇಡಿ ಎಂದು. ಅದೇ ವರ್ಷ ಚೀನಾ ಮತ್ತು ಹಾಂಗ್‌ಕಾಂಗ್‌ನಿಂದ ಬರುವ ಮೆಲಮೈನ್ ಅಡುಗೆ ಸಾಮಾನುಗಳಿಗೆ ಐರೋಪ್ಯ ಒಕ್ಕೂಟ ವಿಶೇಷ ತಪಾಸಣೆಯ ನಿಯಮ ತಂದಿತ್ತು. ಆಮೇಲೂ ಅದೇ ವಸ್ತುವಿನಿಂದ ಕಾಫಿ ಲೋಟ ಮಾಡಿದರು. ಕಾಫಿಯನ್ನು 70 ಡಿಗ್ರಿಗಿಂತ ಬಿಸಿಯಾಗಿ ಸುರಿಯುವುದು ಮಾಮೂಲು, ಜೊತೆಗೆ ಅದು ಸ್ವಲ್ಪ ಆಮ್ಲೀಯವೂ ಹೌದು. ಮಾಡಬೇಡಿ ಎಂದಿದ್ದನ್ನೇ ದಿನಬಳಕೆಗೆ ತಂದ ಹಾಗಾಯಿತು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಬೇಸರ ತರುವ ಸಂಗತಿ ಇದು. ಎಚ್ಚರಿಕೆ ಕಣ್ಣೆದುರೇ ಇತ್ತು. ಬಿದಿರಿನ ಹೆಸರು ಅದನ್ನು ಮರೆಸಿತು.

ಬಿದಿರು ಸೇರಿದ್ದರಿಂದ ಆದ ಅನಾಹುತ ಇನ್ನೊಂದು. ಬಿದಿರಿನ ನಾರು ನೀರು ಹೀರುತ್ತದೆ, ಹೀರಿ ಉಬ್ಬುತ್ತದೆ. ರಾಳ ಉಬ್ಬುವುದಿಲ್ಲ. ಒಳಗಿನ ಕಣ ಉಬ್ಬಿ ಹೊರಗಿನದು ಬಿಗಿಯಾಗಿದ್ದರೆ ಬಿರುಕು ಬಿಡಲೇಬೇಕು. ಬಿರುಕು ಬಿಟ್ಟ ಜಾಗದಿಂದ ಬಿಸಿನೀರು ಇನ್ನೂ ಒಳಗೆ ನುಗ್ಗುತ್ತದೆ. ಬಿಎಫ್‌ಆರ್ 2019ರ ಕೊನೆಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಬಿದಿರು ಬೆರೆತ ಪಾತ್ರೆಗಳಿಂದ ಮಾಮೂಲಿ ಮೆಲಮೈನ್ ಪಾತ್ರೆಗಳಿಗಿಂತ ಸರಾಸರಿ 30 ಶೇಕಡಾ ಹೆಚ್ಚು ಫಾರ್ಮಾಲ್ಡಿಹೈಡ್, ಎರಡು ಪಟ್ಟಿಗಿಂತ ಹೆಚ್ಚು ಮೆಲಮೈನ್ ಹೊರಬಂದಿತ್ತು. ಪ್ಲಾಸ್ಟಿಕ್‌ಗೆ ಗಿಡ ಬೆರೆಸಿದ್ದರಿಂದ ಅದು ಸೌಮ್ಯವಾಗಲಿಲ್ಲ, ಇನ್ನಷ್ಟು ಬಿಟ್ಟುಕೊಡುವ ಪ್ಲಾಸ್ಟಿಕ್ ಆಯಿತು.

ಇದು ಪ್ರಯೋಗಾಲಯದಲ್ಲಿ ಹೇಗೆ ಕಾಣಿಸುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮತ್ತೆ ಮತ್ತೆ ಬಳಸುವ ಪಾತ್ರೆಯನ್ನು ಪರೀಕ್ಷಿಸುವಾಗ ಕಾಫಿ ಹಾಕುವುದಿಲ್ಲ, ಅದರ ಬದಲು 3 ಶೇಕಡಾ ಅಸೆಟಿಕ್ ಆಮ್ಲದ ನೀರು ಹಾಕುತ್ತಾರೆ. ಹುಳಿ ಆಹಾರಕ್ಕೆ ಅದು ಪ್ರತಿನಿಧಿ. ಬಿಸಿ ಪಾನೀಯಕ್ಕಾದರೆ 70 ಡಿಗ್ರಿಯಲ್ಲಿ 2 ಗಂಟೆ ಇಡುತ್ತಾರೆ. ಆ ನೀರನ್ನು ತೆಗೆದು, ಅದೇ ಲೋಟಕ್ಕೆ ಹೊಸದನ್ನು ತುಂಬಿ ಮತ್ತೆ ಇಡುತ್ತಾರೆ. ಮೂರನೆಯ ಸಲವೂ ಹಾಗೆಯೇ. ಮಿತಿಯೊಳಗಿದೆಯೇ ಎಂದು ನೋಡುವುದು ಮೂರನೆಯ ಸಲದ ಅಂಕಿಯಲ್ಲಿ. ಇದರ ಹಿಂದಿನ ತರ್ಕ ಸರಳ. ಸಾಧಾರಣ ಪ್ಲಾಸ್ಟಿಕ್‌ನಲ್ಲಿ ತಯಾರಿಕೆಯಿಂದ ಉಳಿದ ಚೂರುಪಾರು ರಾಸಾಯನಿಕ ಮೊದಲ ಸಲವೇ ಜಾಸ್ತಿ ಬರುತ್ತದೆ, ಎರಡನೆಯ ಸಲ ಕಡಿಮೆ, ಮೂರನೆಯ ಸಲ ಇನ್ನೂ ಕಡಿಮೆ.

ಮೆಲಮೈನ್ ರಾಳದಲ್ಲಿ ಈ ತರ್ಕ ತಲೆಕೆಳಗಾಗಬಹುದು. ಅಲ್ಲಿ ಹೊರಬರುವುದು ಉಳಿದ ಚೂರು ಮಾತ್ರವಲ್ಲ, ಲೋಟವೇ ಸವೆದು ಬರುತ್ತಿರುತ್ತದೆ. ಹೀಗಾಗಿ ಬಳಸಿದಷ್ಟೂ ಅಂಕಿ ಇಳಿಯುತ್ತದೆ ಎಂಬ ಭರವಸೆ ಇಲ್ಲ, ಏರಲೂಬಹುದು. 2020ರಲ್ಲಿ ಐರೋಪ್ಯ ಒಕ್ಕೂಟ ತನ್ನ ಪ್ಲಾಸ್ಟಿಕ್ ನಿಯಮಕ್ಕೆ ಒಂದು ತಿದ್ದುಪಡಿ ತಂದು, ಮೊದಲ ಸಲದಿಂದ ಮೂರನೆಯ ಸಲಕ್ಕೆ ಪ್ರಮಾಣ ಏರಲೇಬಾರದು, ಏರಿದರೆ ಮಿತಿಯೊಳಗಿದ್ದರೂ ಆ ವಸ್ತು ಫೇಲ್ ಎಂದು ಬರೆಯಿತು. ಮತ್ತೆ ಮತ್ತೆ ಬಳಸುವ ಯಾವುದೇ ಲೋಟಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತೋಚುವುದಿಲ್ಲ. ಹೊಸದಾಗಿದ್ದಾಗ ಹೇಗಿದೆ ಎಂಬುದಕ್ಕಿಂತ ಹಳತಾಗುತ್ತಾ ಯಾವ ದಿಕ್ಕಿಗೆ ಹೋಗುತ್ತಿದೆ ಎಂಬುದನ್ನು ಅದು ಕೇಳುತ್ತದೆ.

ಯುರೋಪಿನ ಮಿತಿ ಹೀಗಿದೆ: ಒಂದು ಕಿಲೋ ಆಹಾರಕ್ಕೆ ಮೆಲಮೈನ್ 2.5 ಮಿಲಿಗ್ರಾಂ, ಫಾರ್ಮಾಲ್ಡಿಹೈಡ್ 15 ಮಿಲಿಗ್ರಾಂ. 2019ರ ಜುಲೈನಲ್ಲಿ ಜರ್ಮನಿಯ ಗ್ರಾಹಕ ಪರೀಕ್ಷಾ ಸಂಸ್ಥೆ ಸ್ಟಿಫ್ಟುಂಗ್ ವಾರೆನ್‌ಟೆಸ್ಟ್ 12 ಬಿದಿರಿನ ಲೋಟಗಳ ಪರೀಕ್ಷೆಯ ಫಲಿತಾಂಶ ಹೊರತಂದಿತು. ಅದರಲ್ಲಿ 7 ಲೋಟಗಳಿಂದ ಮೆಲಮೈನ್ ತುಂಬಾ ಜಾಸ್ತಿ ಬಂದಿತ್ತು. ಉಳಿದವುಗಳಲ್ಲೂ ಬರಹ ದಾರಿ ತಪ್ಪಿಸುವಂತಿತ್ತು. ಬಿಎಫ್‌ಆರ್ ಲೆಕ್ಕದಲ್ಲಿ ಫಾರ್ಮಾಲ್ಡಿಹೈಡ್ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.6 ಮಿಲಿಗ್ರಾಂವರೆಗೆ ತಡೆದುಕೊಳ್ಳಬಹುದಾದ ಪ್ರಮಾಣ. 60 ಕಿಲೋ ತೂಕದವರಿಗೆ ಅದು 36 ಮಿಲಿಗ್ರಾಂ, 10 ಕಿಲೋ ತೂಕದ ಮಗುವಿಗೆ ಬರೀ 6. ಕೆಲವು ಲೋಟಗಳಿಂದ ದಿನವೂ ಬಿಸಿ ಕುಡಿದರೆ ಈ ಪ್ರಮಾಣ ಹಲವು ಪಟ್ಟು ಮೀರುತ್ತಿತ್ತು. ಬಿದಿರಿನ ಸೆಟ್ ಎಂದು ಮಕ್ಕಳ ತಟ್ಟೆ, ಬಟ್ಟಲು, ಲೋಟಗಳೂ ಮಾರಾಟವಾಗುತ್ತಿದ್ದವು ಎಂಬುದನ್ನು ಇಲ್ಲಿ ನೆನಪಿಡಬೇಕು. ಫಾರ್ಮಾಲ್ಡಿಹೈಡ್ ಹೊಟ್ಟೆಗೆ ಹೋದರೆ ಜಠರ, ಕರುಳಿನ ಒಳಪದರಕ್ಕೆ ಕಿರಿಕಿರಿ. ಮೆಲಮೈನ್ ಜಾಸ್ತಿಯಾದರೆ ಮೂತ್ರಕೋಶ, ಮೂತ್ರಪಿಂಡಕ್ಕೆ ತೊಂದರೆ.

ಕಾನೂನು ಹಿಡಿದ ದಾರಿ

ಈ ಲೋಟಗಳು ಕೊನೆಗೆ ಸಿಕ್ಕಿಬಿದ್ದದ್ದು ಒಂದು ಪಟ್ಟಿಯ ಮೂಲಕ. ಆಹಾರ ತಾಗುವ ಪ್ಲಾಸ್ಟಿಕ್‌ನಲ್ಲಿ ಏನೇನು ಬೆರೆಸಬಹುದು ಎಂಬುದನ್ನು ಯುರೋಪಿನ 2011ರ ನಿಯಮ ಪಟ್ಟಿ ಮಾಡಿದೆ. ಪಟ್ಟಿಯಲ್ಲಿಲ್ಲದ್ದನ್ನು ಬೆರೆಸುವ ಹಾಗಿಲ್ಲ. ಅದರಲ್ಲಿ 2023ರವರೆಗೆ 'ಸಂಸ್ಕರಿಸದ ಮರದ ಪುಡಿ ಮತ್ತು ನಾರು' ಎಂಬ ಒಂದು ಸಾಲಿತ್ತು. ಬಿದಿರೂ ಮರದ ಹಾಗೇ ಎಂದುಕೊಂಡು ಆ ಸಾಲಿನಡಿ ಬಿದಿರು ಒಳಗೆ ಬಂತು. ಆದರೆ ಬಿದಿರು ಮರವಲ್ಲ, ಹುಲ್ಲಿನ ಜಾತಿ. 2019ರಲ್ಲಿ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ ಮರದ ಪುಡಿಯ ವಿಷಯವನ್ನೇ ಮತ್ತೆ ಕೈಗೆತ್ತಿಕೊಂಡಿತು. ಮರಗಳಲ್ಲಿ ಜಾತಿಯಿಂದ ಜಾತಿಗೆ ರಾಸಾಯನಿಕ ಬೇರೆ, ಎಲ್ಲಕ್ಕೂ ಸೇರಿಸಿ ಒಂದೇ ಒಪ್ಪಿಗೆ ಕೊಡಲು ಸಾಕಷ್ಟು ಆಧಾರವಿಲ್ಲ, ಒಂದೊಂದನ್ನೂ ಬಿಡಿಯಾಗಿ ನೋಡಬೇಕು ಎಂದಿತು. 2020ರ ಜೂನ್‌ನಲ್ಲಿ ಐರೋಪ್ಯ ಆಯೋಗದ, ಅಂದರೆ ಒಕ್ಕೂಟದ ಆಡಳಿತ ಅಂಗದ, ಪರಿಣತರ ಗುಂಪು ಬಿದಿರಿನ ಪುಡಿ ಆ ಸಾಲಿನಡಿ ಬರುವುದಿಲ್ಲ, ಅದಕ್ಕೆ ಪ್ರತ್ಯೇಕ ಒಪ್ಪಿಗೆ ಬೇಕು ಎಂದು ಸ್ಪಷ್ಟಪಡಿಸಿತು. 2021ರ ಫೆಬ್ರವರಿಯಲ್ಲಿ ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಒಟ್ಟಾಗಿ ಇದರ ಮಾರಾಟ ನಿಲ್ಲಿಸುವಂತೆ ಪತ್ರ ಹೊರಡಿಸಿದವು. ಮೇ ತಿಂಗಳಲ್ಲಿ ಒಕ್ಕೂಟದ ಕಾರ್ಯಾಚರಣೆ ಶುರುವಾಯಿತು. ಆನ್‌ಲೈನ್ ಅಂಗಡಿಗಳ ಮೇಲೂ ಕಣ್ಣಿಟ್ಟರು.

ನನ್ನ ಪ್ರಕಾರ 'ಬಿದಿರು ಹುಲ್ಲು' ಎಂಬ ಅಂಶದ ಮೇಲೆ ಪ್ರಕರಣ ಗೆದ್ದದ್ದು ಪೂರ್ತಿ ಸಮಾಧಾನ ಕೊಡುವ ಸಂಗತಿಯಲ್ಲ. ಯುರೋಪಿನಲ್ಲಿ 2004ರ ಮೂಲ ನಿಯಮವೊಂದು ಮೊದಲೇ ಇತ್ತು. ಆಹಾರ ತಾಗುವ ವಸ್ತು ಆರೋಗ್ಯಕ್ಕೆ ಅಪಾಯ ತರಬಾರದು, ಅದರ ಮೇಲಿನ ಬರಹ ಗ್ರಾಹಕರ ದಾರಿ ತಪ್ಪಿಸಬಾರದು ಎಂದು ಅದು ಹೇಳುತ್ತದೆ. ಈ ಲೋಟಗಳು ಎರಡನ್ನೂ ಮುರಿದಿದ್ದವು. ಬರಹದ ಸುಳ್ಳು ಪರೀಕ್ಷೆ ಇಲ್ಲದೆಯೇ ಕಾಣುತ್ತಿತ್ತು. ಅದನ್ನು ಮೊದಲ ದಿನವೇ ಹಿಡಿದಿದ್ದರೆ ಎಷ್ಟೋ ಮನೆಗಳಿಗೆ ಈ ಲೋಟ ಹೋಗುತ್ತಲೇ ಇರಲಿಲ್ಲ.

ನಿಜವಾದ ಜೈವಿಕ ಪ್ಲಾಸ್ಟಿಕ್ ಆಗಿದ್ದರೆ?

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಅಂಟೂ ಗಿಡದ್ದೇ ಆಗಿದ್ದರೆ ಲೋಟ ಪಾಸಾಗುತ್ತಿತ್ತೇ? ಹೆಚ್ಚು ಬಳಕೆಯಲ್ಲಿರುವ ಪಿಎಲ್‌ಎ ತೆಗೆದುಕೊಳ್ಳೋಣ. ಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯನ್ನು ಹುದುಗಿಸಿ ಲ್ಯಾಕ್ಟಿಕ್ ಆಮ್ಲ ಮಾಡಿ, ಅದನ್ನು ಉದ್ದದ ಸರಪಳಿಯಾಗಿ ಜೋಡಿಸಿದರೆ ಪಿಎಲ್‌ಎ. ಇಂಗಾಲ ಪೂರ್ತಿ ಗಿಡದ್ದು. ಆದರೆ ಸುಮಾರು 55ರಿಂದ 60 ಡಿಗ್ರಿಯಲ್ಲಿ ಅದು ಮೆತ್ತಗಾಗುತ್ತದೆ. ಸಾದಾ ಪಿಎಲ್‌ಎ ಲೋಟಕ್ಕೆ ಬಿಸಿ ಕಾಫಿ ಸುರಿದರೆ ಸೊಟ್ಟಗಾಗುತ್ತದೆ. ಇದಕ್ಕೆ ಪರಿಹಾರವಿದೆ. ತಯಾರಿಕೆಯಲ್ಲೇ ಅದನ್ನು ಹರಳುಗಟ್ಟಿಸಿದರೆ ಬಿಸಿ ತಡೆಯುವ ಶಕ್ತಿ ಚೆನ್ನಾಗಿ ಏರುತ್ತದೆ, ಆಕಾರ ಉಳಿಯುತ್ತದೆ.

ಆಕಾರ ಉಳಿದರೂ ಸರಪಳಿ ಉಳಿಯಬೇಕಲ್ಲ. ಪಿಎಲ್‌ಎ ಕೊಳೆಯುವ ರೀತಿಯನ್ನು ನೋಡಿ. ದೊಡ್ಡ ಕಾಂಪೋಸ್ಟ್ ಘಟಕದಲ್ಲಿ ಸುಮಾರು 58 ಡಿಗ್ರಿ ಬಿಸಿ ಮತ್ತು ತೇವ ಇರುತ್ತದೆ. ಆ ಬಿಸಿಯಲ್ಲಿ ನೀರು ಮೊದಲು ಸರಪಳಿಯನ್ನು ಕತ್ತರಿಸುತ್ತದೆ. ತುಂಡುಗಳು ಚಿಕ್ಕದಾದ ಮೇಲೆ ಸೂಕ್ಷ್ಮಜೀವಿಗಳು ಬಂದು ತಿನ್ನುತ್ತವೆ. ಯುರೋಪಿನ ಇಎನ್ 13432 ಮಾನದಂಡದಂತೆ ಕಾಂಪೋಸ್ಟ್ ಆಗುವ ವಸ್ತು 6 ತಿಂಗಳೊಳಗೆ 90 ಶೇಕಡಾ ಜೈವಿಕವಾಗಿ ಒಡೆಯಬೇಕು. ಈಗ ಪಾತ್ರೆ ತೊಳೆಯುವ ಯಂತ್ರದ ಒಳಗೆ ನೋಡಿ. ಅಲ್ಲಿಯೂ 60 ಡಿಗ್ರಿಯ ಆಸುಪಾಸು, ಅಲ್ಲಿಯೂ ತೇವ, ಮೇಲೆ ಕ್ಷಾರದ ಸೋಪು ಬೇರೆ. ಪ್ರತಿ ಸಲ ತೊಳೆದಾಗಲೂ ಸ್ವಲ್ಪ ಸ್ವಲ್ಪ ಸರಪಳಿ ಕತ್ತರಿಸುತ್ತದೆ. ಲೋಟ ಕ್ರಮೇಣ ಪೆಡಸಾಗಿ, ಅಂಚಿನಲ್ಲಿ ಬಿರುಕು ಬಿಡುತ್ತದೆ. ಕೊಳೆಯಲು ಬೇಕಾದ ಬಿಸಿಯೂ ತೊಳೆಯಲು ಬೇಕಾದ ಬಿಸಿಯೂ ಹೆಚ್ಚುಕಡಿಮೆ ಒಂದೇ ಎಂಬುದು ಈ ಕ್ಷೇತ್ರದ ದೊಡ್ಡ ಇಕ್ಕಟ್ಟು. 'ಮತ್ತೆ ಮತ್ತೆ ಬಳಸಿ' ಮತ್ತು 'ಬೇಗ ಕೊಳೆಯುತ್ತದೆ' ಎಂಬ ಎರಡೂ ಮಾತು ಒಂದೇ ಲೋಟದ ಮೇಲೆ ಕಂಡರೆ ನಾನಂತೂ ಅನುಮಾನದಿಂದಲೇ ನೋಡುತ್ತೇನೆ. ದಿನವೂ ತೊಳೆಯುವ ಲೋಟದ ಕೆಲಸ ಕೊಳೆಯುವುದಲ್ಲ, ಉಳಿಯುವುದು.

ಹಾಗೆ ನೋಡಿದರೆ ಕಬ್ಬಿನ ಎಥನಾಲ್‌ನಿಂದ ಮಾಡುವ ಪಾಲಿಎಥಿಲೀನ್ (ನಾವು ಪಾಲಿಥಿನ್ ಎನ್ನುವ ಪ್ಲಾಸ್ಟಿಕ್) ಹೆಚ್ಚು ಪ್ರಾಮಾಣಿಕ ಅಭ್ಯರ್ಥಿ. ಬ್ರೆಜಿಲ್‌ನ ಬ್ರಾಸ್ಕೆಮ್ ಕಂಪನಿ 2010ರಿಂದ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದೆ. ಅಣುವಿನ ಮಟ್ಟದಲ್ಲಿ ಇದು ತೈಲದ ಪಾಲಿಎಥಿಲೀನ್ ಥರವೇ. ಕೊಳೆಯುವುದಿಲ್ಲ, ಕೊಳೆಯುತ್ತೇನೆ ಎಂದು ಹೇಳುವುದೂ ಇಲ್ಲ. ಬಹಳ ಸಲ ತೊಳೆಯಬಹುದು, ಕೊನೆಗೆ ಮಾಮೂಲಿ ಪಾಲಿಎಥಿಲೀನ್ ಜೊತೆಗೇ ಕರಗಿಸಿ ಮರುಬಳಕೆ ಮಾಡಬಹುದು. ತುಂಬಾ ಬಿಸಿಗೆ ಪಾಲಿಪ್ರೊಪಿಲೀನ್ ಎಂಬ ಇನ್ನೊಂದು ಪ್ಲಾಸ್ಟಿಕ್ ಇನ್ನೂ ಒಳ್ಳೆಯದು, ಅದು ಕರಗುವುದು 160 ಡಿಗ್ರಿಯ ಹತ್ತಿರ. ಅದರ ಗಿಡಮೂಲದ ರೂಪ ಹೆಚ್ಚಾಗಿ ಲೆಕ್ಕದ ಪುಸ್ತಕದಲ್ಲಿರುತ್ತದೆ. ಕಾರ್ಖಾನೆಗೆ ತೈಲದ ಕಚ್ಚಾವಸ್ತುವಿನ ಜೊತೆ ಒಂದಿಷ್ಟು ಗಿಡದ ಎಣ್ಣೆಯಿಂದ ಬಂದದ್ದನ್ನೂ ಸೇರಿಸುತ್ತಾರೆ, ಆ ಪಾಲನ್ನು ಇಂಥ ಲೋಟಗಳಿಗೆ ಸೇರಿದ್ದು ಎಂದು ಬರೆದುಕೊಳ್ಳುತ್ತಾರೆ. ಅಂಥ ಲೋಟದಲ್ಲಿ ಕಾರ್ಬನ್-14 ಹುಡುಕಿದರೆ ಏನೂ ಸಿಗದೇ ಇರಬಹುದು. ಈ ಲೆಕ್ಕ ಮೋಸವಲ್ಲ, ಒಟ್ಟಾರೆ ತೈಲ ಉಳಿಯುತ್ತದೆ. ಆದರೆ ಕೊಳ್ಳುವವರಿಗೆ ಅದನ್ನು ಬಿಡಿಸಿ ಹೇಳಬೇಕು.

ಬ್ಯಾಕ್ಟೀರಿಯಾಗಳು ತಮ್ಮ ದೇಹದಲ್ಲಿ ಕೂಡಿಟ್ಟುಕೊಳ್ಳುವ ಪಿಎಚ್‌ಎ ಇನ್ನೊಂದು ಬಗೆ. ಫ್ರಾನ್ಸಿನ ಮೊರಿಸ್ ಲೆಮ್ವಾನ್ಯ್ 1926ರಲ್ಲೇ ಇದರ ಒಂದು ರೂಪವನ್ನು ಗುರುತಿಸಿದ್ದರು. ಮಣ್ಣಲ್ಲೂ ಸಮುದ್ರದಲ್ಲೂ ಒಡೆಯುವ ಗುಣ ಇದಕ್ಕಿದೆ. ಆದರೆ ಆ ಮೂಲ ರೂಪ ಪೆಡಸು. ತಪ್ಪಿ ಪರಿಸರಕ್ಕೆ ಸೇರಿಬಿಡುವ ವಸ್ತುಗಳಿಗೆ ಇದು ಹೆಚ್ಚು ಹೊಂದುತ್ತದೆ ಎಂದು ನನಗನಿಸುತ್ತದೆ.

ಎಷ್ಟು ಸಲ ಬಳಸಿದರೆ ಲಾಭ?

ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಹಾಕಿಂಗ್ 1994ರಲ್ಲಿ ಲೋಟಗಳ ಶಕ್ತಿಯ ಲೆಕ್ಕ ಹಾಕಿದ್ದರು. ಮತ್ತೆ ಮತ್ತೆ ಬಳಸುವ ಪ್ಲಾಸ್ಟಿಕ್ ಲೋಟ, ಬಿಸಾಡುವ ಕಾಗದದ ಕಪ್ಪಿಗೆ ಸಮ ಆಗಲು 17 ಸಲ ಬಳಸಬೇಕು. ಥರ್ಮೋಕೋಲ್ ಕಪ್ಪಿಗೆ ಸಮ ಆಗಲು 450 ಸಲ. ಅಷ್ಟೊಂದು ಅಂತರ ಯಾಕೆಂದರೆ ಥರ್ಮೋಕೋಲ್ ಕಪ್ ಮಾಡಲು ಬೇಕಾಗುವ ಶಕ್ತಿ, ಲೋಟವನ್ನು ಯಂತ್ರದಲ್ಲಿ ಒಂದು ಸಲ ತೊಳೆಯುವ ಶಕ್ತಿಗೆ ಹತ್ತಿರ ಹತ್ತಿರ ಇತ್ತು. ಅದು ಬರೀ ಶಕ್ತಿಯ ಲೆಕ್ಕ, ಬಿಸಾಡಿದ ಕಪ್ ಎಲ್ಲಿ ಹೋಗಿ ಬೀಳುತ್ತದೆ ಎಂಬುದು ಅದರಲ್ಲಿಲ್ಲ. ಯಂತ್ರಗಳೂ ಅಂದಿನವು. ಆದರೂ ದಿಕ್ಕು ಸ್ಪಷ್ಟ: ಲೋಟ ನೂರಾರು ಸಲದ ತೊಳೆತ ತಾಳಿದರೆ ಮಾತ್ರ ಅದು ಮಾಡಿದ ಭರವಸೆ ನಿಜವಾಗುತ್ತದೆ.

ಬಿದಿರಿನ ಲೋಟ ಇಲ್ಲೂ ಸೋತಿತು. ಮಾರುಕಟ್ಟೆಯಿಂದ ವಾಪಸ್ ಬಂದ ಲೋಟಗಳಲ್ಲಿ ಎಷ್ಟೋ ತಮ್ಮ ತಯಾರಿಕೆಯ ಶಕ್ತಿಯನ್ನು ತೀರಿಸುವ ಮೊದಲೇ ಕಸವಾದವು. ಅವು ಹೋದದ್ದೂ ಒಳ್ಳೆಯ ಕಡೆಗಲ್ಲ.

ಯಾರ ಮನೆಯಲ್ಲಾದರೂ ಇಂಥ ಲೋಟ ಇದ್ದರೆ ಗುರುತಿಸಲು ಕೆಲವು ಸೂಚನೆಗಳಿವೆ. 'ಬಿದಿರು' ಎಂದು ಬರೆದಿದ್ದರೂ ಕಾಂಡದ ಗೆರೆ ಕಾಣದೆ ಅಚ್ಚಿನಲ್ಲಿ ಎರಕ ಹೊಯ್ದ ಆಕಾರ, ತಳದಲ್ಲಿ 'ಮೈಕ್ರೋವೇವ್ ಬೇಡ' ಎಂಬ ಗುರುತು ಅಥವಾ 70 ಡಿಗ್ರಿಯ ಮಿತಿ, ವಿವರದಲ್ಲಿ ಎಲ್ಲೋ ಮೂಲೆಯಲ್ಲಿ 'ಮೆಲಮೈನ್' ಅಥವಾ 'ರಾಳ' ಎಂಬ ಪದ. ಬಿದಿರಿನ ಕಾಂಡವನ್ನೇ ಕತ್ತರಿಸಿ ಮಾಡಿದ ಲೋಟದ ಮಾತು ಬೇರೆ, ಅದಕ್ಕೆ ಈ ಪ್ರಕರಣ ಅನ್ವಯಿಸುವುದಿಲ್ಲ. ರಾಳದ ಲೋಟವಾದರೆ ಅದರಲ್ಲಿ ಕುಡಿಯುವುದನ್ನು ನಿಲ್ಲಿಸಿ, ಮಕ್ಕಳಿಗಂತೂ ಕೊಡಲೇಬೇಡಿ. ಒಳಮೈ ಮಾಸಿ ಒರಟಾಗಿದ್ದರೆ ಅದು ಸವೆದಿದೆ ಎಂದೇ ಅರ್ಥ. ಎಸೆಯುವಾಗ ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ, ಅಲ್ಲಿ ಅದು ಕೊಳೆಯುವುದಿಲ್ಲ. ಪ್ಲಾಸ್ಟಿಕ್ ಮರುಬಳಕೆಯ ಡಬ್ಬಿಗೂ ಬೇಡ, ಅಲ್ಲಿ ಅದು ಕರಗುವುದಿಲ್ಲ. ಬಯಲಲ್ಲಿ ಸುಡಲೂಬೇಡಿ. ಸಿಲಿಕೋನ್ ಮುಚ್ಚಳ, ಪಟ್ಟಿಯನ್ನು ತೆಗೆದಿಟ್ಟುಕೊಂಡು, ಲೋಟವನ್ನು ಮರುಬಳಕೆಗೆ ಬಾರದ ಒಣಕಸದ ಜೊತೆ ಕೊಡಿ.